ಕಂದು ರಟ್ಟಿನ ಪುಸ್ತಕ

ಸಾಲ್ಮಿಯಲ್ಲಿ ಯಾರೂ ಯಾರನ್ನೂ ಬಾಯಿ ಬಿಟ್ಟು ಏನನ್ನೂ ಕೇಳುವುದಿಲ್ಲ. ಮಿಶಿಗನ್ನಿನ ಬಡಗಣ ತುದಿಯಲ್ಲಿ ಸುಪೀರಿಯರ್ ಸರೋವರಕ್ಕೆ ಎದೆಯೊಡ್ಡಿ ಕೂತ ಊರು ಇದು. ಮಾಡಿನ ಮೇಲೆ ಹಿಮ ಸೊಂಟಮಟ್ಟ ಬಿದ್ದು ತೊಲೆಗಳು ಮುಲುಗತೊಡಗಿದರೆ ಮನೆಯವರು ಗೋಡೆಗೆ ಏಣಿ ಒರಗಿಸಿ, ಒಳಗೆ ಹೋಗಿ ಕಾಫಿ ಕಾಯಿಸುತ್ತಾರೆ, ಅಷ್ಟೆ. ಏಣಿ ಕಂಡವರು ಸಲಿಕೆ ಹಿಡಿದು ಬರುತ್ತಾರೆ. ಬಂದವರಿಗೆ ಉಪಕಾರವಾಯಿತೆಂದು ಹೇಳುವ ರೂಢಿಯೂ ಇಲ್ಲ. ಮುಂದಿನ ವಾರ ಅವರ ಹೊಸ್ತಿಲ ಮೇಲೆ ಹೊಗೆಯಾಡಿಸಿದ ಮೀನೋ, ಏಲಕ್ಕಿ ಹಾಕಿ ಹೆಣೆದ ರೊಟ್ಟಿಯೋ ಬಂದು ಕೂತಿರುತ್ತದೆ. ಯಾರು ಇಟ್ಟರೆಂದು ವಿಚಾರಿಸಲು ಹೋದವನನ್ನು ಊರು ಹೊರಗಿನವನೆಂದೇ ತಿಳಿಯುತ್ತದೆ.

ಮಾರ್ಲಿಸ್ ಕಿವೇಲಾ ಈ ಗುಣವನ್ನು ತಾಯಿಯ ಹಾಲಿನ ಜೊತೆಗೇ ಕುಡಿದು ಬೆಳೆದವಳು. ಎತ್ತರದ ಆಳು, ಅಗಲವಾದ ಕೈ, ಮಾತು ಕಡಿಮೆ. ಹದಿನಾಲ್ಕು ವರ್ಷ ಊರ ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಸಾರು ಬಡಿಸಿದಳು. ಕಾಗದದ ಕಾರ್ಖಾನೆ ಮುಚ್ಚಿದ ವರ್ಷ ಗಂಡ ಡೇಲ್ ಕೆಲಸ ಹುಡುಕಿಕೊಂಡು ತೆಂಕಲಿಗೆ ಹೋದವನು ಕೆಲಸವನ್ನೂ ಕಂಡುಕೊಂಡ, ಬೇರೊಬ್ಬಳನ್ನೂ ಕಂಡುಕೊಂಡ. ಮಾರ್ಲಿಸ್ ಒಂದು ಚಳಿಗಾಲ ತುಟಿ ಪಿಟಕ್ಕೆನ್ನದೆ ಕಳೆದಳು. ಮೂವತ್ತೆಂಟನೆಯ ವಯಸ್ಸಿನಲ್ಲಿ, ಮಗಳ ವಯಸ್ಸಿನ ಹುಡುಗಿಯರ ನಡುವೆ ಕೂತು ದಾದಿಯ ಓದಿಗೆ ಸೇರಿದಳು. ಕಾಲೇಜು ಎರಡು ಗಂಟೆ ದೂರ. ಹೋಗುವಾಗಲೂ ಕತ್ತಲೆ, ಬರುವಾಗಲೂ ಕತ್ತಲೆ. ನಲವತ್ತೊಂದಕ್ಕೆ ಬಿಳಿ ಕೋಟು ತೊಟ್ಟು ಊರಿಗೆ ಬಂದಳು. ಜೊತೆಗೆ ಓದಿನ ಸಾಲವೂ ಬಂತು. ಐದು ವರ್ಷ ಕಟ್ಟಿದರೂ ಅದು ಅಂಗಳದ ಹಿಮದ ಹಾಗೆ, ತೋಡಿ ಹಿಂದೆ ತಿರುಗುವಷ್ಟರಲ್ಲಿ ಮತ್ತೆ ಅಷ್ಟೇ ಬಿದ್ದಿರುತ್ತಿತ್ತು.

ಸಾಲ್ಮಿಯ ಆಸ್ಪತ್ರೆ ಚಿಕ್ಕದು, ಇಪ್ಪತ್ತು ಹಾಸಿಗೆ. ಅಲ್ಲಿ ದಾದಿಯರು ಕೂರುವ ಮೇಜಿನ ಪಕ್ಕ, ಕಾಫಿ ಪಾತ್ರೆಯ ಮೇಲುಗಡೆ, ಒಂದು ಮೊಳೆಗೆ ದಾರ ಕಟ್ಟಿ ಕಂದು ರಟ್ಟಿನ ಪುಸ್ತಕ ನೇತುಹಾಕಿತ್ತು. ಯಾವ ಕಾಲದಿಂದಲೋ ಇತ್ತು; ರಟ್ಟು ಹರಿದಾಗ ಹೊಸದನ್ನು ತಂದು ಅದೇ ದಾರಕ್ಕೆ ಕಟ್ಟುತ್ತಿದ್ದರು. ಬರಲಾಗದ ದಿನವಿದ್ದವರು ಅದರಲ್ಲಿ ಆ ದಿನಾಂಕ ಬರೆದು, ತಮ್ಮ ಹೆಸರು ಹಾಕಿ, ಪಕ್ಕದ ಜಾಗ ಖಾಲಿ ಬಿಡಬೇಕು. ಆ ಪಾಳಿಯನ್ನು ಹೊರುವವರು ಖಾಲಿ ಜಾಗದಲ್ಲಿ ತಮ್ಮ ಹೆಸರು ಬರೆಯುತ್ತಾರೆ. ಕಾರಣ ಬರೆಯುವಂತಿಲ್ಲ. ದಯವಿಟ್ಟು ಎಂದಂತೂ ಬರೆಯಲೇಬಾರದು. ಮೇಲಿನವರ ಪಟ್ಟಿಯಲ್ಲಿ ಯಾರ ಹೆಸರಿತ್ತೋ ಅವರಿಗೇ ಆ ದಿನದ ಸಂಬಳ ಹೋಗುತ್ತಿತ್ತು. ಹೊತ್ತವರಿಗೆ ಸೌದೆಯಲ್ಲೋ, ಮಾಂಸದಲ್ಲೋ, ಇನ್ನೊಂದು ಪಾಳಿಯಲ್ಲೋ ತೀರುತ್ತಿತ್ತು.

ಮಾರ್ಲಿಸಳ ಮನೆ ಆಸ್ಪತ್ರೆಯ ಎದುರಿಗೇ. ಬಿರುಗಾಳಿಗೆ ರಸ್ತೆ ಮುಚ್ಚಿದರೂ ಅವಳೊಬ್ಬಳು ನಡೆದು ಬರಬಲ್ಲಳು. ಬೇಟೆಯ ಹುಚ್ಚಿಲ್ಲ, ಮನೆಯಲ್ಲಿ ಎಳೆ ಮಕ್ಕಳಿಲ್ಲ. ಹಾಗಾಗಿ ಪುಸ್ತಕದ ಪುಟಪುಟದಲ್ಲೂ ಅವಳ ಹೆಸರು ಬಲಗಡೆಗೇ ಇತ್ತು. ಐದು ವರ್ಷದಲ್ಲಿ ಎಡಗಡೆಗೆ ಒಮ್ಮೆಯೂ ಬಿದ್ದಿರಲಿಲ್ಲ.

ಆ ವರ್ಷದ ಏಪ್ರಿಲ್ ಮೊದಲ ವಾರ, ಸೋಮವಾರ ಮಧ್ಯಾಹ್ನ, ಮಾರ್ಲಿಸ್ ಒಂದು ಕಾಗದ ಹಿಡಿದು ಎಲ್ನಾ ರುಸ್ಕಾಳ ಕೋಣೆಗೆ ಹೋದಳು. ಎಲ್ನಾ ಆಸ್ಪತ್ರೆಯ ಸಂಬಳದ ಗುಮಾಸ್ತೆ. ಬೆಳಗಿನ ಹೊತ್ತು ಮುಂಬಾಗಿಲ ಮೇಜಿನಲ್ಲಿ ಕೂತು ಬಂದ ರೋಗಿಗಳ ಹೆಸರು ಬರೆದುಕೊಳ್ಳುವವಳೂ ಅವಳೇ. ಅರವತ್ತಮೂರು ವಯಸ್ಸು, ಮೂವತ್ತೊಂದು ವರ್ಷದ ನೌಕರಿ, ಬರೆದ ಒಂದು ಅಂಕಿಯನ್ನೂ ಹೊಡೆದು ತಿದ್ದಿದವಳಲ್ಲ ಎಂಬ ಹೆಸರು.

"ಎಲ್ನಾ, ಇದಕ್ಕೊಂದು ಸಹಿ ಬೇಕಿತ್ತು."

"ಕೂತ್ಕೊ ಮೊದಲು. ನಿಂತ್ಕೊಂಡು ಕೊಡೋರ ಕಾಗದ ನಾನು ಓದಲ್ಲ."

ಮಾರ್ಲಿಸ್ ಕೂತಳು. ಎಲ್ನಾ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಓದಿದಳು. ದಾದಿಯರ ಕೊರತೆ ಇರುವ ಊರುಗಳಲ್ಲಿ ನಿಂತು ಕೆಲಸ ಮಾಡುವವರ ಓದಿನ ಸಾಲದ ದೊಡ್ಡ ಪಾಲನ್ನು ಸರ್ಕಾರವೇ ತೀರಿಸುವ ಯೋಜನೆಯ ಅರ್ಜಿ ಅದು. ಒಪ್ಪಿಗೆಯಾದರೆ ಇನ್ನೆರಡು ವರ್ಷ ಇದೇ ಆಸ್ಪತ್ರೆಯಲ್ಲಿ ದುಡಿಯಬೇಕು. ಮಾರ್ಲಿಸ್ ಹೇಗಿದ್ದರೂ ದುಡಿಯುವವಳೇ. ಕಡೆಯ ದಿನ ಗುರುವಾರ, ಸಂಜೆ ಐದು ಗಂಟೆ.

"ಮೂರು ವಾರದಿಂದ ಇದನ್ನ ಎಲ್ಲಿಟ್ಟಿದ್ದೆ? ಮೊಟ್ಟೆ ಇಡಲಿ ಅಂತ ಕಾಯ್ತಿದ್ಯಾ?"

"ಮನಸ್ಸು ಬರ್ಲಿಲ್ಲ."

ಅದು ಸುಳ್ಳಲ್ಲ. ಬೇಡುವ ಕಾಗದವೆಂದರೆ ಅವಳ ಕೈ ಹಿಂದೆ ಸರಿಯುತ್ತಿತ್ತು. ಮನಸ್ಸು ಗಟ್ಟಿ ಮಾಡಿಸಿದ್ದು ಇನ್ನೊಂದು ಕಾಗದ. ಮಿಲ್ವಾಕಿಯ ಒಂದು ಸಂಸ್ಥೆ ಅವಳನ್ನು ಕರೆದಿತ್ತು. ಹದಿಮೂರು ವಾರಕ್ಕೊಂದು ಆಸ್ಪತ್ರೆ, ಇಲ್ಲಿನ ಎರಡರಷ್ಟು ಸಂಬಳ. ನಾಲ್ಕೈದು ವರ್ಷ ಹಾಗೆ ಊರೂರು ಸುತ್ತಿದರೆ ಸಾಲದಿಂದ ತಲೆ ಎತ್ತಬಹುದಿತ್ತು. ಹೂಂ ಅಥವಾ ಉಹುಂ, ಶುಕ್ರವಾರದೊಳಗೆ ಹೇಳಬೇಕಿತ್ತು. ಅರ್ಜಿ ಹೋದರೆ ಸಾಲ್ಮಿ, ಹೋಗದಿದ್ದರೆ ಮಿಲ್ವಾಕಿ. ಎಪ್ಪತ್ತೈದರ ಅಪ್ಪನನ್ನೂ, ಹಬೆಸ್ನಾನಕ್ಕೆಂದು ಹಿತ್ತಲಲ್ಲಿ ಕಟ್ಟಿದ ಸೌನಾವನ್ನೂ, ಎದುರಿನ ಇಪ್ಪತ್ತು ಹಾಸಿಗೆಗಳನ್ನೂ ಬಿಟ್ಟು ಹೋಗುವುದು.

ಎಲ್ನಾ ದೊಡ್ಡ ಕಡತ ತೆಗೆದು ಬೆರಳು ಓಡಿಸಿದಳು. ಬೆರಳು ನಿಂತಿತು.

"ಹಿಂದಿನ ಆರು ತಿಂಗಳು, ವಾರಕ್ಕೆ ಸರಾಸರಿ ಮೂವತ್ತೆರಡು ಗಂಟೆಗೆ ಕಡಿಮೆ ಇರಕೂಡದು ಅಂತಾರೆ ಇವರು."

"ಮಾಡಿದೀನಲ್ಲ."

"ಇಪ್ಪತ್ನಾಲ್ಕು ಮಾಡಿದೀಯ."

ಅಕ್ಟೋಬರಿನಲ್ಲಿ ಹನ್ನೆರಡು ಗಂಟೆಯ ತನ್ನ ವಾರದ ಮೂರು ಪಾಳಿಯಲ್ಲಿ ಒಂದನ್ನು ಮಾರ್ಲಿಸ್ ಜೊತೆಯ ದಾದಿ ಟ್ರೀನಾ ಪ್ಯಾಸ್ಕೋಗೆ ಬಿಟ್ಟುಕೊಟ್ಟಿದ್ದಳು. ಟ್ರೀನಾಳ ಗಂಡನಿಗೆ ಮೂತ್ರಪಿಂಡ ಕೈಕೊಟ್ಟಿತ್ತು; ಅವಳ ಗಂಟೆಗಳು ಏರಿದರಷ್ಟೇ ಮನೆಮಂದಿಗೆ ಆಸ್ಪತ್ರೆಯ ವಿಮೆ ಸಿಗುತ್ತಿತ್ತು. ಆ ಬದಲಾವಣೆ ಪಟ್ಟಿಗೇ ಏರಿತ್ತು. ಬಿಟ್ಟುಕೊಟ್ಟದ್ದಕ್ಕೆ ಹೆಚ್ಚುಕಡಿಮೆ ಸಮನಾಗುವಷ್ಟು ಪಾಳಿಗಳನ್ನು ಮಾರ್ಲಿಸ್ ಆ ಚಳಿಗಾಲದಲ್ಲಿ ಹೊತ್ತಿದ್ದಳು. ಆದರೆ ಅವೆಲ್ಲ ಕಂದು ಪುಸ್ತಕದಲ್ಲಿದ್ದವು. ಸಂಬಳ ಕಡಿಮೆ ಬರುತ್ತಿದ್ದುದು ಅವಳಿಗೆ ಗೊತ್ತಿತ್ತು. ಅಂಗಳದಲ್ಲಿ ಸೌದೆ ಇತ್ತು, ಶೀತಪೆಟ್ಟಿಗೆಯಲ್ಲಿ ಮಾಂಸ ಇತ್ತು, ರಸ್ತೆಯ ಹಿಮವನ್ನು ಯಾರೋ ದೂಡಿ ಹೋಗುತ್ತಿದ್ದರು. ಕೆಲಸ ಮಾಡಿದ ಮೇಲೆ ಮಾಡಿದ ಹಾಗೇ ಅಲ್ಲವೇ ಎಂದುಕೊಂಡಿದ್ದಳು. ಯಾವುದೋ ಕಡತದಲ್ಲಿ ತಾನು ಅರ್ಧ ಆಳಾಗಿ ನಿಂತಿದ್ದೇನೆಂದು ಹೊಳೆದಿರಲಿಲ್ಲ.

"ನಾನು ಎಷ್ಟು ದಿನ ಇಲ್ಲಿದ್ದೆ ಅಂತ ನಿನ್ನ ಕಣ್ಣಿಗೆ ಕಂಡಿದೆ, ಎಲ್ನಾ."

"ಕಣ್ಣಿಗೆ ಕಂಡದ್ದನ್ನ ಬರೆಯೋಕೆ ಇದ್ರಲ್ಲಿ ಜಾಗ ಇಲ್ಲ. ಕಡತದಲ್ಲಿ ಇರೋದನ್ನ ಬರೀಬೇಕು. ಮೂವತ್ತಾರು ಅಂತ ಗೀಚಿ ಸಹಿ ಹಾಕ್ಲಾ? ಹಾಕಿದ್ರೆ ನೀನೇ ನನ್ನ ಮುಖ ನೋಡಲ್ಲ."

"ಹಾಕು ಅಂತ ಹೇಳ್ಲಿಲ್ಲ."

"ಗೊತ್ತು. ನೀನು ಏನನ್ನೂ ಹೇಳೋಳಲ್ಲ. ಅದೇ ನಿನ್ನ ರೋಗ."

ಮಾರ್ಲಿಸ್ ಕಾಗದ ಮಡಿಸಿಕೊಂಡು ಎದ್ದಳು. ಬಾಗಿಲ ತನಕ ಹೋದವಳ ಬೆನ್ನಿಗೆ ಎಲ್ನಾ ಮೆಲ್ಲಗೆ ಹೇಳಿದಳು: "ಕಡತ ತಪ್ಪಿದ್ರೆ ತಿದ್ದೋ ದಾರಿ ಇದೆ. ಪಟ್ಟಿಯಲ್ಲಿ ಹೆಸರಿದ್ದೋರು ಬಂದು, ಆ ದಿನ ನಾನಿರಲಿಲ್ಲ, ಅವಳಿದ್ದಳು ಅಂತ ಬರೆದು ಕೊಡಬೇಕು. ಆ ದಿನದ ಸಂಬಳ ವಾಪಸ್ ಕಟ್ಟಬೇಕು. ಆ ಪುಸ್ತಕವೂ ನನ್ನ ಮೇಜಿಗೆ ಬರಬೇಕು. ಒಂದ್ಸಲ ಬಂತು ಅಂದ್ರೆ ಮತ್ತೆ ಮೊಳೆಗೆ ಹೋಗಲ್ಲ, ತಿಳ್ಕೊ."

ಮೂವತ್ತೊಂದು ವರ್ಷದಲ್ಲಿ ಎಲ್ನಾ ಆ ಪುಸ್ತಕದ ಮಾತೆತ್ತಿದ್ದು ಅದೇ ಮೊದಲು. ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇದ್ದಳು.

ಮಂಗಳವಾರ ರಜೆ. ಅಪ್ಪ ಆರ್ವಿಡ್ ಹಿತ್ತಲಲ್ಲಿ ನಿಂತು ಏಪ್ರಿಲ್ಲಿನ ಕೊಳಕು ಹಿಮದ ನಡುವೆ ಸೌನಾಕ್ಕೆ ಬರ್ಚ್ ಮರದ ಸೌದೆ ಸೀಳುತ್ತಿದ್ದ. ಐವತ್ತು ವರ್ಷ ಮರ ಕಡಿದ ಆಳು. ಎಡಗೈಯಲ್ಲಿ ಎರಡು ಬೆರಳಿಲ್ಲ, ನಾಲಿಗೆ ಮಾತ್ರ ಪೂರ್ತಿ ಇತ್ತು.

"ಏನಂತೆ ನಿನ್ನ ಸರ್ಕಾರ?"

"ಗಂಟೆ ಸಾಲದಂತೆ."

"ನಿನಗಾ? ನೀನು ಆ ಆಸ್ಪತ್ರೇಲಿ ಕಾಲ ಕಳೆದಷ್ಟು ಅಲ್ಲಿನ ಗೋಡೆ ಕಳೆದಿಲ್ಲ." ಕೊಡಲಿ ಒರಗಿಸಿ ಬೆವರು ಒರೆಸಿಕೊಂಡ. ಮಗಳು ಎಲ್ಲ ಹೇಳಿದಳು.

"ನಿನ್ನ ಜೊತೆ ಕೆಲಸ ಮಾಡೋ ಲೈಲ್‌ದು ಎಷ್ಟು ದಿನ ಹೊತ್ತೆ?"

"ಒಂಬತ್ತು. ಬೇಟೆ ಕಾಲದ್ದು."

"ಅವನ ಒಂಬತ್ತು ದಿನದ ಸಂಬಳ ಟ್ರಕ್ಕಿನ ಚಕ್ರ ಆಗಿ ಉರುಳ್ತಾ ಇದೆ. ಡಾರ್ಸಿ?"

"ಐದು. ಟ್ರೀನಾ ನಾಲ್ಕು."

"ಹಂಗಾದ್ರೆ ಕೇಳು ಹೋಗಿ ಅವರನ್ನ."

"ಹೇಗೆ ಕೇಳೋದಪ್ಪ? ಕೊಟ್ಟು ಆಗಿದೆ. ಕೊಟ್ಟದ್ದನ್ನ ವಾಪಸ್ ತಾ ಅಂತ ಹೇಗೆ ಕೇಳೋದು? ಮಾಂಸ ತಿಂದಿದೀವಿ, ಸೌದೆ ಸುಟ್ಟಿದೀವಿ."

ಆರ್ವಿಡ್ ಮೂರು ಬೆರಳಿನ ಕೈಯಿಂದ ಗಲ್ಲ ಕೆರೆದುಕೊಂಡ. "ನನ್ನ ಬೆರಳು ಹೋದ ವರ್ಷ ಕಂಪನಿಯೋರು ಒಂದು ಕಾಗದ ಕೊಟ್ಟಿದ್ರು. ತುಂಬಿ ಕೊಟ್ರೆ ಪರಿಹಾರ ಅಂತ. ನಾನು ಒಲೆಗೆ ಹಾಕಿದೆ. ಆರ್ವಿಡ್ ಕಿವೇಲಾ ಕೈ ಒಡ್ಡೋನಲ್ಲ ಅಂತ ಎದೆ ಉಬ್ಬಿಸ್ಕೊಂಡು ಓಡಾಡಿದೆ. ನಿಮ್ಮಮ್ಮ ಎರಡು ಚಳಿಗಾಲ ಮೋಟೆಲಿನಲ್ಲಿ ಹಾಸಿಗೆ ಬಟ್ಟೆ ಒಗೆದಳು. ಅವಳ ಕೈ ಬಿರಿದು ರಕ್ತ ಬರೋದು. ನನ್ನ ಎದೆ ಮಾತ್ರ ಉಬ್ಬಿಕೊಂಡೇ ಇತ್ತು."

ಈ ಕತೆಯನ್ನು ಮಾರ್ಲಿಸ್ ಅಲ್ಲಿಯವರೆಗೆ ಕೇಳಿರಲಿಲ್ಲ. ಅಮ್ಮನ ಕೈ ಬಿರಿದದ್ದು ನೆನಪಿತ್ತು, ಚಳಿಗೆಂದು ತಿಳಿದಿದ್ದಳು.

"ಬಾಯಲ್ಲಿ ಕೇಳಕ್ಕಾಗಲ್ಲ ಅಂದ್ರೆ ಏಣಿ ಒರಗಿಸು," ಎಂದು ಆರ್ವಿಡ್ ಮತ್ತೆ ಕೊಡಲಿ ಎತ್ತಿದ.

ಬುಧವಾರ ಬೆಳಗ್ಗೆ ಪಾಳಿಗೆ ಬಂದ ಮಾರ್ಲಿಸ್ ಮೊದಲು ಮಾಡಿದ ಕೆಲಸವೆಂದರೆ ಪುಸ್ತಕವನ್ನು ಮೊಳೆಯಿಂದ ಇಳಿಸಿದ್ದು. ಹೊಸ ಪುಟ ತೆಗೆದಳು. ಪೆನ್ನು ಹಿಡಿದು ಕಾಫಿ ತಣ್ಣಗಾಗುವ ತನಕ ನಿಂತಿದ್ದಳು. ಆಮೇಲೆ ಎಡಗಡೆಗೆ ಬರೆದಳು: ಗುರುವಾರ, ಎಲ್ನಾಳ ಕೋಣೆ, ನಾಲ್ಕು ಗಂಟೆಯೊಳಗೆ. ನನ್ನ ಅರ್ಜಿಗೆ ಚಳಿಗಾಲದ ಗಂಟೆಗಳನ್ನು ತಿದ್ದಬೇಕು. ಆ ದಿನಗಳ ಸಂಬಳ ವಾಪಸಾಗುತ್ತದೆ. ಪುಸ್ತಕ ಎಲ್ನಾಳಿಗೆ ಹೋಗುತ್ತದೆ. ಮಾರ್ಲಿಸ್.

ಬಲಗಡೆಯ ಜಾಗ ಖಾಲಿ ಬಿಟ್ಟಳು. ಬರೆದದ್ದನ್ನು ಓದಿದಾಗ ಊರ ನಡುವೆ ಬಟ್ಟೆಯಿಲ್ಲದೆ ನಿಂತ ಹಾಗಾಯಿತು. ಪುಸ್ತಕವನ್ನು ಮೊಳೆಗೆ ಹಾಕಿ ರೋಗಿಗಳ ಕಡೆ ಹೋದವಳು ಇಡೀ ದಿನ ಕಾಫಿ ಪಾತ್ರೆಯ ದಿಕ್ಕಿಗೆ ತಲೆ ಹಾಕಲಿಲ್ಲ.

ಹನ್ನೊಂದರ ಹೊತ್ತಿಗೆ ಲೈಲ್ ಹೋಸ್ಕಿಂಗ್ ಅವಳನ್ನು ಔಷಧಿ ಕೋಣೆಯಲ್ಲಿ ಹಿಡಿದ. ಅವನು ಆಸ್ಪತ್ರೆಯ ಒಬ್ಬನೇ ಗಂಡು ದಾದಿ. ಗುಡಾಣದಂಥ ಮೈ, ಕೆಂಪು ಗಡ್ಡ. ನವೆಂಬರ್ ಹದಿನೈದಕ್ಕೆ ಜಿಂಕೆ ಬೇಟೆ ತೆರೆದರೆ ಅವನ ಬಾಯಿಗೆ ಬೇರೆ ಮಾತು ಬರುತ್ತಿರಲಿಲ್ಲ.

"ಏನೇ ಮಹರಾಯ್ತಿ, ಒಂಬತ್ತು ದಿನ?"

"ಒಂಬತ್ತು."

"ಏಳು ಅಂದ್ಕೊಂಡಿದ್ದೆ."

"ಎಂಟನೇ ದಿನ ನಿನ್ನ ಟ್ರಕ್ಕು ಜೌಗಲ್ಲಿ ಹೂತಿತ್ತು. ಒಂಬತ್ತನೇ ದಿನ ನೀನೇ ಹೂತಿದ್ದೆ, ಸಾರಾಯೀಲಿ."

ಲೈಲ್ ನಕ್ಕ, ಆದರೆ ನಗು ಗಡ್ಡದಿಂದ ಮೇಲೆ ಏರಲಿಲ್ಲ. "ಒಂಬತ್ತು ದಿನದ ಸಂಬಳ ಅಂದ್ರೆ ಹೆಂಡತಿ ಬಾರ್ಬ್ ನನ್ನನ್ನ ಸುಲಿದು ಚರ್ಮ ಒಣಗಿಸ್ತಾಳೆ. ಅದಿರ್ಲಿ. ಪುಸ್ತಕ ಹೋದ್ರೆ ಬರೋ ನವೆಂಬರಿಗೆ ನಾವೇನು ಮಾಡೋದು?"

"ರಜೆ ಅರ್ಜಿ ಹಾಕೋದು. ಬೇರೆ ಊರೋರು ಮಾಡೋ ಹಾಗೆ."

"ಕಾರಣ ಬರೀಬೇಕಲ್ಲೇ ಅದ್ರಲ್ಲಿ."

"ಬರಿ. ಜಿಂಕೆ ಅಂತ."

ಅವನು ತಲೆ ಅಲ್ಲಾಡಿಸುತ್ತಾ ಹೋದ. ಸಹಿ ಹಾಕುತ್ತೇನೆಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಡಾರ್ಸಿ ಬೂಶೇ ಎಂಬವಳು, ಆಸ್ಪತ್ರೆಯ ಅತಿ ಬಿಗಿ ಮುಖದ ಹೆಂಗಸು, ಮಧ್ಯಾಹ್ನವೆಲ್ಲ ಮಾರ್ಲಿಸಳ ಪಕ್ಕದಲ್ಲೇ ಹಾಸಿಗೆಯ ಬಟ್ಟೆ ಬದಲಾಯಿಸಿದಳು, ಪುಸ್ತಕದ ಮಾತೆತ್ತಲಿಲ್ಲ. ಸಂಜೆ ಮನೆಗೆ ಹೋಗುವಾಗ ಮಾರ್ಲಿಸ್ ಪುಸ್ತಕ ನೋಡದೆಯೇ ಹೋದಳು. ಮಿಲ್ವಾಕಿಯ ಕಾಗದವನ್ನು ಅಡುಗೆಮನೆಯ ಮೇಜಿನ ಮೇಲೆ ಬಿಚ್ಚಿಟ್ಟು, ಚಳಿಗಾಲದ ಬೂಟುಗಳಲ್ಲಿ ಯಾವುದನ್ನು ಕೊಂಡೊಯ್ಯುವುದೆಂದು ಯೋಚಿಸಿದಳು.

ಗುರುವಾರ ಬೆಳಗ್ಗೆ ಪುಟ ಖಾಲಿ ಇರಲಿಲ್ಲ. ಮೊದಲ ಹೆಸರು ಡಾರ್ಸಿಯದು, ಬೆಳಗಿನ ಜಾವದ ಪಾಳಿಯವರಿಗಿಂತ ಮುಂಚೆಯೇ ಬರೆದು ಹೋಗಿದ್ದಳು. ಎರಡನೆಯದು ಲೈಲ್‌ನದು, ಪಕ್ಕದಲ್ಲಿ ಕೊಂಬು ಮುರಿದ ಜಿಂಕೆಯ ಚಿತ್ರ. ಮೂರನೆಯದು ಟ್ರೀನಾ ಪ್ಯಾಸ್ಕೋ.

ಮಾರ್ಲಿಸ್ ಮೂರೂ ಹೆಸರುಗಳನ್ನು ಎರಡೆರಡು ಸಲ ಓದಿದಳು. ಆಮೇಲೆ ಪೆನ್ನು ತೆಗೆದು ಟ್ರೀನಾಳ ಹೆಸರಿನ ಮೇಲೆ ಅಡ್ಡಗೆರೆ ಎಳೆದಳು.

ಎರಡು ಗಂಟೆಗೆ ಎಲ್ನಾಳ ಕೋಣೆಯಲ್ಲಿ ಜಾಗ ಸಾಲದಾಯಿತು. ಲೈಲ್ ಬಾಗಿಲಿಗೆ ಒರಗಿದ್ದ, ಡಾರ್ಸಿ ಕಿಟಕಿಯ ಕಟ್ಟೆ ಮೇಲೆ ಕೂತಿದ್ದಳು. ಎಲ್ನಾ ಮೇಜಿನ ಮೇಲೆ ಒಂದು ಕಡೆ ತನ್ನ ಕಡತ, ಇನ್ನೊಂದು ಕಡೆ ರೋಗಿಗಳಿಗೆ ಔಷಧಿ ಕೊಟ್ಟ ದಾಖಲೆ ಹರವಿಕೊಂಡಿದ್ದಳು. ಆ ದಾಖಲೆಯಲ್ಲಿ ಕೊಟ್ಟವರ ಸಹಿ ಇರುತ್ತದೆ. ದಿನಕ್ಕೆ ದಿನ ತಾಳೆ ಹಾಕಿದಳು. ಲೈಲ್ ಒಂಬತ್ತು ಕಡೆ ಸಹಿ ಹಾಕಿದ. ಹಾಕುತ್ತಾ ಒಂದೊಂದು ದಿನಕ್ಕೂ ಒಂದೊಂದು ನಿಟ್ಟುಸಿರು ಬಿಟ್ಟ.

"ಹದಿನೆಂಟನೇ ತಾರೀಕು ನಿಜವಾಗ್ಲೂ ನನಗೆ ಹುಷಾರಿರಲಿಲ್ಲ ಎಲ್ನಾ."

"ಕಾರಣ ಕೇಳ್ಲಿಲ್ಲ ನಾನು. ಸಹಿ ಹಾಕು."

"ಇವಳು ನನ್ನ ಮಾಂಸ ವಾಪಸ್ ಕೊಡ್ತಾಳಾ?"

"ಎರಡು ಕಾಲು ಇನ್ನೂ ಪೆಟ್ಟಿಗೇಲಿದೆ," ಎಂದಳು ಮಾರ್ಲಿಸ್. "ಬಂದು ತಗೊಂಡ್ಹೋಗು."

"ಥೂ, ಹೋಗತ್ಲಾಗೆ. ಕೊಟ್ಟ ಮಾಂಸ ವಾಪಸ್ ತಗೊಂಡೋನು ಅಂತ ನನ್ನ ಗೋರಿ ಮೇಲೆ ಕೆತ್ತಿಸ್ತೀಯಾ?"

ಡಾರ್ಸಿ ತನ್ನ ಐದು ಸಹಿ ಹಾಕಿ ಪೆನ್ನನ್ನು ಮೇಜಿನ ಮೇಲೆ ಕುಟ್ಟಿದಳು. "ನನ್ನ ಮಗಳ ಬಾಣಂತನದಲ್ಲಿ ಐದು ದಿನ ನಿಂತವಳು ಇವಳು. ಮಿಲ್ವಾಕಿಗೆ ಹೋಗ್ತಾಳಂತೆ ಅಂತ ಅಂಗಡೀಲಿ ಕೇಳಿ ನನಗೆ ಗೊತ್ತಾಗಬೇಕಾ?" ಅವಳ ಬಿಗಿ ಮುಖದಲ್ಲಿ ಸಿಟ್ಟು ಇತ್ತು. ಅದು ತಾನು ಕೇಳಿದ್ದಕ್ಕಲ್ಲ, ಇಷ್ಟು ದಿನ ಕೇಳದೆ ಇದ್ದದ್ದಕ್ಕೆ ಎಂದು ಮಾರ್ಲಿಸಳಿಗೆ ಆಗ ತಿಳಿಯಿತು.

ಎಲ್ನಾ ಕೂಡಿಸಿದಳು. ಕನ್ನಡಕ ತೆಗೆದು ಒರೆಸಿ ಮತ್ತೆ ಕೂಡಿಸಿದಳು.

"ಆರು ತಿಂಗಳ ಒಟ್ಟು ಲೆಕ್ಕಕ್ಕೆ ಇನ್ನೂ ನಲವತ್ತು ಗಂಟೆ ಕಡಿಮೆ ಬೀಳತ್ತೆ."

ಬಾಗಿಲಲ್ಲಿ ಟ್ರೀನಾ ಬಂದು ನಿಂತಿದ್ದಳು. ಸಣ್ಣ ಆಳು, ಆ ಚಳಿಗಾಲದಲ್ಲಿ ಇನ್ನೂ ಸಣ್ಣಗಾಗಿದ್ದಳು. "ನನ್ನ ಹೆಸರು ಹೊಡೆದು ಹಾಕಿದ್ಯಾರು?"

"ನಾನು," ಎಂದಳು ಮಾರ್ಲಿಸ್.

"ನನ್ನ ನಾಲ್ಕು ದಿನ ಸೇರಿಸಿದ್ರೆ ಸರಿಹೋಗತ್ತಲ್ಲ. ಕೊಡು ಪೆನ್ನು."

"ಸೇರಿಸಿದ್ರೆ ನಿನ್ನ ಗಂಟೆ ಕೆಳಗಿಳಿಯುತ್ತೆ. ಚಳಿಗಾಲದ ವಿಮೆ ತಪ್ಪು ಅಂತಾರೆ. ಆ ಸೂಜಿ ಆ ಯಂತ್ರದ ಖರ್ಚು ಎಲ್ಲ ನಿಮ್ಮ ತಲೆ ಮೇಲೆ ಬರತ್ತೆ. ನಿನ್ನ ಸಹಿ ನನಗೆ ಬೇಡ."

"ಅದನ್ನ ಹೇಳೋಕೆ ನೀನ್ಯಾರೇ? ನನ್ನ ದಿನ, ನನ್ನ ಸಹಿ."

"ಆ ಪಾಳಿ ನಿನಗೆ ಬಿಟ್ಟದ್ದು ಯಾತಕ್ಕೆ? ಇವತ್ತು ಇಲ್ಲಿ ಕಿತ್ಕೊಳ್ಳೋಕಾ?"

ಟ್ರೀನಾ ಎಲ್ನಾಳ ಮುಖ ನೋಡಿದಳು. ಎಲ್ನಾ ಬೇಡವೆಂದು ತಲೆಯಾಡಿಸಿದಳು. ಮಾರ್ಲಿಸ್ ಹೇಳಿದ್ದು ನಿಜ ಎಂದಷ್ಟೇ ಅದರ ಅರ್ಥ. ಟ್ರೀನಾ ಬಾಗಿಲ ಚೌಕಟ್ಟಿಗೆ ತಲೆ ಆನಿಸಿ ನಿಂತಳು. ಗೋಡೆಯ ಗಡಿಯಾರದಲ್ಲಿ ಮೂರೂವರೆ. ಮಾರ್ಲಿಸ್ ತನ್ನ ಅರ್ಜಿಯನ್ನು ಮಡಿಸತೊಡಗಿದಳು.

"ಇಷ್ಟು ಮಾಡಿದ್ರಲ್ಲ, ಸಾಕು," ಎಂದಳು. "ಇವರ ಸಹಿ ಎಲ್ಲ ಹರಿದು ಹಾಕು ಎಲ್ನಾ. ಸಂಬಳ ಯಾಕೆ ಸುಮ್ಮನೆ ಹೋಗಬೇಕು. ನಾನು ನಾಳೆ ಮಿಲ್ವಾಕಿಗೆ ಹೇಳ್ತೀನಿ."

ಎಲ್ನಾ ಕಂದು ಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಂಡು ಮೊದಲಿನಿಂದ ಪುಟ ತಿರುಗಿಸುತ್ತಿದ್ದಳು. ಅದನ್ನು ಕೈಯಲ್ಲಿ ಹಿಡಿದದ್ದು ಅವಳಿಗೂ ಹೊಸದು. ಜನವರಿಯ ಪುಟದಲ್ಲಿ ಅವಳ ಕೈ ನಿಂತಿತು. ಅಲ್ಲಿ ಒಂದು ಕಡೆ ಎಡಗಡೆಗೆ ಯಾರ ಹೆಸರೂ ಇರಲಿಲ್ಲ. ಜನವರಿ ಹದಿಮೂರರಿಂದ ಹದಿನೇಳು, ಮುಂಬಾಗಿಲ ಮೇಜು, ಇಡೀ ದಿನ ಎಂದಷ್ಟೇ ಇತ್ತು. ಬಲಗಡೆಗೆ ಮಾರ್ಲಿಸಳ ಹೆಸರು. ಎರಡೂ ಮಾರ್ಲಿಸಳದೇ ಅಕ್ಷರ.

"ಇದೇನಿದು?"

ಮಾರ್ಲಿಸ್ ನೆಲ ನೋಡಿದಳು. "ಹೊತ್ತದ್ದನ್ನ ಬರೀಬೇಕಲ್ಲ. ಬರೆದೆ."

ಜನವರಿ ಹನ್ನೆರಡರಂದು ಎಲ್ನಾಳ ತಮ್ಮ ವೈನೋ ಹೆಪ್ಪುಗಟ್ಟಿದ ಸರೋವರದ ಮೇಲೆ ಮೀನು ಹಿಡಿಯಲು ಕೂತವನು ಕೂತಲ್ಲೇ ಎದೆ ಒಡೆದು ಸತ್ತಿದ್ದ. ಹೆಣವನ್ನು ಹೂಳುವಂತಿರಲಿಲ್ಲ. ಚಳಿಗಾಲದಲ್ಲಿ ಸಾಲ್ಮಿಯ ನೆಲ ಕಬ್ಬಿಣವಾಗುತ್ತದೆ, ಸತ್ತವರು ಮಸಣದ ಕಲ್ಲುಮನೆಯಲ್ಲಿ ಮೇ ತಿಂಗಳ ತನಕ ಕಾಯುತ್ತಾರೆ. ಆ ವಾರ ಎಲ್ನಾ ಯಾರಿಗೂ ಏನೂ ಹೇಳದೆ, ರಜೆಯನ್ನೂ ಬರೆಯದೆ, ನಾದಿನಿಯ ಮನೆಯ ಅಡುಗೆಕೋಣೆಯಲ್ಲಿ ಕೂತಿದ್ದಳು. ಮುಂದಿನ ಸೋಮವಾರ ಬಂದಾಗ ಮುಂಬಾಗಿಲ ಕಾಗದಗಳೆಲ್ಲ ಬರೆದು ಜೋಡಿಸಿದ್ದವು. ಯಾರು ಕೂತಿದ್ದರೆಂದು ಅವಳಿಗೆ ಗೊತ್ತಿತ್ತು, ಅಕ್ಷರ ಗೊತ್ತಿತ್ತು. ಕೇಳಲಿಲ್ಲ. ತಿಂಗಳ ಕೊನೆಗೆ ತನ್ನ ಹೆಸರಿನ ಮುಂದೆ ಪೂರ್ತಿ ಸಂಬಳ ಬರೆದುಕೊಂಡಳು. ಮಾರ್ಲಿಸಳ ಹೊಸ್ತಿಲಲ್ಲಿ ಹೆಣೆದ ಕೈಗವಸು ಇಟ್ಟು ಬಂದಳು. ಅಲ್ಲಿಗೆ ತೀರಿತೆಂದುಕೊಂಡಳು.

"ದಿನಕ್ಕೆ ಎಂಟು ಗಂಟೆ," ಎಂದಳು ಎಲ್ನಾ, ಯಾರಿಗೂ ಅಲ್ಲದ ದನಿಯಲ್ಲಿ. "ಐದು ದಿನ."

ಲೈಲ್ ಬಾಯಿ ತೆರೆದ. ಡಾರ್ಸಿ ಅವನ ಕಾಲು ತುಳಿದಳು.

"ಎಲ್ನಾ, ಬೇಡ," ಎಂದಳು ಮಾರ್ಲಿಸ್. "ಮೂವತ್ತೊಂದು ವರ್ಷದ ಕಡತ."

"ಬಾಯಿ ಮುಚ್ಚು. ಎಲ್ಲರಿಗೂ ಬೇಡ ಬೇಡ ಅಂದೇ ನೀನು ಇಲ್ಲಿಗೆ ಬಂದು ಕೂತಿರೋದು."

ಎಲ್ನಾ ಕಡತದ ಜನವರಿ ಪುಟ ತೆಗೆದಳು. ಅಡಿಕೋಲು ಇಟ್ಟು ತನ್ನ ಹೆಸರಿನ ಮುಂದಿನ ಐದು ಅಂಕಿಗಳ ಮೇಲೆ ಒಂದೊಂದಾಗಿ ಗೆರೆ ಎಳೆದಳು. ಪಕ್ಕದಲ್ಲಿ ತಪ್ಪು ನನ್ನದು ಎಂದು ಬರೆದು ಸಹಿ ಹಾಕಿ ತಾರೀಕು ಬರೆದಳು. ಆಮೇಲೆ ಕಂದು ಪುಸ್ತಕದಲ್ಲಿ, ಎಡಗಡೆಯ ಖಾಲಿ ಜಾಗದಲ್ಲಿ, ತನ್ನ ಹೆಸರು ತುಂಬಿದಳು.

"ಈಗ ಕೊಡು ನಿನ್ನ ಅರ್ಜಿ. ಮಡಿಸಿ ಮಡಿಸಿ ಅದನ್ನ ಮೀನು ಕಟ್ಟೋ ಕಾಗದ ಮಾಡಿದೀಯ."

ಆಸ್ಪತ್ರೆಯ ಮೇಲಧಿಕಾರಿಯ ಕೋಣೆಗೆ ಅವಳೇ ಕಡತ ಹೊತ್ತು ಹೋದಳು. ಒಳಗೆ ಇಪ್ಪತ್ತು ನಿಮಿಷ ಏನು ಮಾತಾಯಿತೋ ತಿಳಿಯದು. ಹೊರಗೆ ಬಂದಾಗ ಅವಳ ಕಿವಿಗಳು ಕೆಂಪಾಗಿದ್ದವು, ಕೈಯಲ್ಲಿ ಒಪ್ಪಿಗೆಯ ಮುದ್ರೆ ಇತ್ತು. ನಾಲ್ಕು ಗಂಟೆ ನಲವತ್ತು ನಿಮಿಷಕ್ಕೆ ಅರ್ಜಿ ಅವಳ ಕಂಪ್ಯೂಟರಿನಿಂದ ಹೋಯಿತು. ಕಂದು ಪುಸ್ತಕವನ್ನು ದಾರ ಸಮೇತ ಸುತ್ತಿ ಅವಳು ಕೆಳಗಿನ ಖಾನೆಗೆ ಹಾಕಿ ಬೀಗ ಜಡಿದಳು.

ಶುಕ್ರವಾರ ಬೆಳಗ್ಗೆ ಮಾರ್ಲಿಸ್ ಮಿಲ್ವಾಕಿಗೆ ಫೋನು ಮಾಡಿ ಬರುವುದಿಲ್ಲ ಎಂದಳು. ಅರ್ಜಿ ಒಪ್ಪಿಗೆಯಾದೀತೆಂಬ ಭರವಸೆ ಏನೂ ಇರಲಿಲ್ಲ. ಉತ್ತರ ಬರಲು ಐದು ತಿಂಗಳಿತ್ತು.

"ಈಗ್ಲೇ ಯಾಕೆ ಹೇಳಿದೆ? ಸರ್ಕಾರ ಇಲ್ಲ ಅಂದ್ರೆ?" ಎಂದ ಆರ್ವಿಡ್.

"ಇಲ್ಲ ಅಂದ್ರೆ ಮುಂದಿನ ವರ್ಷ ಮತ್ತೆ ಕೇಳೋದು."

ಅಪ್ಪ ಕಾಫಿ ಹೀರುವುದನ್ನು ನಿಲ್ಲಿಸಿ ಮಗಳನ್ನು ನೋಡಿದ. ಸಕ್ಕರೆ ಡಬ್ಬಿ ಅವಳ ಕಡೆ ಸರಿಸಿದ.

ಮೇ ಮೂರನೆಯ ವಾರ ನೆಲ ಸಡಿಲವಾಯಿತು. ವೈನೋನನ್ನು ಹೂಳುವ ದಿನ ಗೊತ್ತಾಯಿತು. ಪುಸ್ತಕ ನೇತಾಡುತ್ತಿದ್ದ ಜಾಗದಲ್ಲಿ ಈಗ ಮೊಳೆಯೊಂದೇ ಇತ್ತು. ರಜೆಗೆ ಹಸಿರು ಕಾಗದ ತುಂಬಿ ಎಲ್ನಾಳ ಮೇಜಿಗೆ ಕೊಡಬೇಕಿತ್ತು. ಮಾರ್ಲಿಸ್ ಒಂದನ್ನು ತುಂಬಿ ಒಯ್ದಳು. ಎಲ್ನಾ ಓದಿದಳು. ಕಾರಣ ಎಂಬಲ್ಲಿ ಎಲ್ನಾಳ ಜೊತೆ ನಿಲ್ಲುವುದಕ್ಕೆ ಎಂದಿತ್ತು.

"ಸಂಬಂಧ ಏನು ಅಂತ ಬರೀಬೇಕು ಇದ್ರಲ್ಲಿ. ಸತ್ತೋನು ನಿನಗೇನಾಗಬೇಕು?"

"ಏನೂ ಇಲ್ಲ."

"ಹಂಗಾದ್ರೆ ಸಂಬಳ ಸಿಗಲ್ಲ ಆ ದಿನ."

"ಬೇಡ."

ಎಲ್ನಾ ಮುದ್ರೆ ಎತ್ತಿದವಳು ಹಾಗೇ ಹಿಡಿದುಕೊಂಡಳು. "ಕೇಳೋಣ ಅಂತಿದ್ದೆ ನಿನ್ನನ್ನ," ಎಂದಳು. "ನಾದಿನಿ ಕೈ ಹಿಡ್ಕೊಳೋಕೆ ನಾನಿದೀನಿ. ನನ್ನ ಪಕ್ಕ ಯಾರೂ ಇಲ್ಲ. ಬರ್ತೀಯಾ ಅಂತ ಕೇಳೋಣ ಅಂತ ಮೂರು ದಿನದಿಂದ ಬಾಯಿಗೆ ಬರ್ತಾ ಇತ್ತು, ನಿಂತು ಹೋಗ್ತಾ ಇತ್ತು."

"ಈಗ ಕೇಳು."

"ಬರ್ತೀಯಾ?"

"ಬರ್ತೀನಿ."

ಎಲ್ನಾ ಮುದ್ರೆ ಒತ್ತಿದಳು. ಸೆಪ್ಟೆಂಬರಿನಲ್ಲಿ ಸರ್ಕಾರದ ಒಪ್ಪಿಗೆ ಪತ್ರ ಬಂದ ದಿನ ಅದನ್ನು ಮೊದಲು ಒಡೆದು ಓದಿದವಳೂ ಅವಳೇ. ಮಾರ್ಲಿಸ್ ಆಗ ರೋಗಿಯೊಬ್ಬನ ಗಾಯ ಕಟ್ಟುತ್ತಿದ್ದಳು, ಕೈ ಬಿಡುವಿರಲಿಲ್ಲ. ಓದಿ ಹೇಳು ಎಂದು ಬಾಗಿಲಿನ ಕಡೆಗೆ ಕೂಗಿ ಕೇಳಿದಳು.